ಯೆಜ್ಡಿ ಬೈಕಿಗೆ ಬೋರ್ ಮಾಡಿಸಿ (ಸವೆದ ಸಿಲಿಂಡರ್ ತೂತನ್ನು ಕೊರೆಸಿ ದೊಡ್ಡದು ಮಾಡಿಸಿ) ತಿಂಗಳೊಳಗೆ ಮತ್ತೆ ಸೀಜ್ ಆಯ್ತು, ಅಂದ್ರೆ ಪಿಸ್ಟನ್ ಒಳಗೇ ಕಚ್ಚಿಕೊಳ್ತು. ಮುಂದಿನ ಸೈಜ್‌ಗೆ ಲೋಕಲ್ ಪಿಸ್ಟನ್ ಹಾಕಿಸಲಾ, ದುಬಾರಿದು ಹಾಕಿಸಲಾ?

ಎರಡೂ ಬೇಡ. ಮೊದಲು ಆ ಬ್ಲಾಕನ್ನು (ಪಿಸ್ಟನ್ ಓಡಾಡೋ ಸಿಲಿಂಡರ್) ಲೇತ್ ಅಂಗಡಿಯಿಂದ ಮನೆಗೆ ತಂದುಬಿಡಿ, ಇವತ್ತೇ.

"ಪಿಸ್ಟನ್ ಡೂಪ್ಲಿಕೇಟ್ ಇರ್ಬೇಕು ಸಾರ್, ಮುಂದಿನ ಸೈಜ್‌ಗೆ ಹೋಗೋಣ" ಅಂತ ಲೇತ್‌ನವರು ಅಂದಿದ್ದಾರಲ್ಲ? ನನಗೂ ಇದನ್ನೇ ಹೇಳಿದ್ದರು. ನನ್ನದೂ ಹಳೇ ಯೆಜ್ಡಿ 250. ಸ್ಟ್ಯಾಂಡರ್ಡ್ ಬೋರ್ 65 ಮಿ.ಮೀ., ನನ್ನ ಕೈಗೆ ಬರುವಾಗಲೇ ಒಂದು ಸಲ ಬೋರ್ ಆಗಿತ್ತು. ಹೊಗೆ ಜಾಸ್ತಿ, ಎಳೆತ ಕಮ್ಮಿ. 65.50ಕ್ಕೆ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಿದೆ. ರನ್ನಿಂಗ್-ಇನ್ ಅಂತ ಪೆಟ್ರೋಲಿಗೆ ಎಣ್ಣೆ ಸ್ವಲ್ಪ ಜಾಸ್ತಿಯೇ ಬೆರೆಸಿ ಮೆತ್ತಗೆ ಓಡಿಸುತ್ತಿದ್ದೆ. ಆದರೂ ಮದ್ದೂರು ದಾಟಿದ ಮೇಲೆ ಹಿಂದಿನ ಚಕ್ರ ಕಿರ್ರ್ ಅಂತ ಲಾಕ್ ಆಯ್ತು. ಕ್ಲಚ್ ಹಿಡಿದೆ, ಬಚಾವ್.

ಇಲ್ಲಿವರೆಗೂ ತಪ್ಪು ನನ್ನದಲ್ಲ. ಇನ್ನು ಮುಂದಿನದು ಪೂರ್ತಿ ನನ್ನದೇ. ಬಿಚ್ಚಿದ ಪಿಸ್ಟನ್ನನ್ನು ತಿರುಗಿಸಿ ಕೂಡ ನೋಡದೆ, ಅದೇ ಅಂಗಡಿಗೆ ಬ್ಲಾಕ್ ಕೊಟ್ಟು 65.75 ಮಾಡಿಸಿದೆ. ಅದೇ ಕೈ, ಅದೇ ಅಳತೆ. ಪಿಸ್ಟನ್ ಮಾತ್ರ ಬೇರೆ, ಮೊದಲಿನದಕ್ಕಿಂತ ದುಬಾರಿ. ಅದೂ ಸೀಜ್ ಆಯ್ತು.

ಆಮೇಲೆ ಬೇರೆ ಕಡೆಯ ವಯಸ್ಸಾದ ಮೆಕ್ಯಾನಿಕ್ ಮೇಷ್ಟ್ರೊಬ್ಬರ ಮುಂದೆ ಎರಡೂ ಪಿಸ್ಟನ್ ಇಟ್ಟೆ. ಅವರು ಬೆರಳಲ್ಲಿ ಸುಮ್ನೆ ತೋರಿಸಿದರು: ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಸೇರಿಸೋ ಪಿನ್) ತೂತಿನ ಅಕ್ಕಪಕ್ಕ, ಉದ್ದಕ್ಕೆ ಗೀರು ಬಿದ್ದ ನಾಲ್ಕು ಪಟ್ಟಿ. ಎರಡೂ ಪಿಸ್ಟನ್‌ನಲ್ಲಿ ಅದೇ ನಾಲ್ಕು ಜಾಗ. "ಜಾಗ ಸಾಲದೆ ಉಬ್ಬಿ ಹಿಡಿದುಕೊಂಡಿದೆ ಕಣಪ್ಪ, ಪಿಸ್ಟನ್ ಏನ್ ಮಾಡುತ್ತೆ ಪಾಪ" ಅಂದರು.

ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಓದಿ. ಪಿಸ್ಟನ್ ನೋಡೋಕೆ ನೆಟ್ಟಗಿನ ಕೊಳವೆ ಥರ ಕಾಣುತ್ತೆ, ಆದರೆ ಅಲ್ಲ. ಮೇಲಿನ ಭಾಗಕ್ಕೆ ಬಿಸಿ ಜಾಸ್ತಿ, ಉಬ್ಬೋದೂ ಜಾಸ್ತಿ. ಅದಕ್ಕೇ ಮೇಲೆ ಸಣ್ಣ, ಕೆಳಗೆ ಬರ್ತಾ ದೊಡ್ಡದು ಮಾಡಿರ್ತಾರೆ. ಪೂರ್ತಿ ಗುಂಡಗೂ ಇರಲ್ಲ, ಪಿನ್ ಇರೋ ದಿಕ್ಕಿಗೆ ಕೂದಲೆಳೆಯಷ್ಟು ಕಮ್ಮಿ. ಹಾಗಾಗಿ ಪಿಸ್ಟನ್ನಿನ ನಿಜವಾದ ಸೈಜ್ ಸಿಗೋದು ಸ್ಕರ್ಟಿನ (ರಿಂಗ್‌ಗಳ ಕೆಳಗಿನ ಗೋಡೆ) ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡಡ್ಡ ಮೈಕ್ರೋಮೀಟರ್ ಹಿಡಿದಾಗ. ನನ್ನ ಲೇತ್‌ನವರು ಹಿಡಿದಿದ್ದು ರಿಂಗ್‌ಗಳ ಕೆಳಗೇ. ಅಲ್ಲಿ ಅಳೆದು, ಅದಕ್ಕೆ ಮೂರು ಥೌ ಸಡಿಲ ಸೇರಿಸಿ ಬೋರ್ ಹೊಡೆದಿದ್ದರು. ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಪಾಲು, ಅಂದಾಜು 0.025 ಮಿ.ಮೀ. ಲೆಕ್ಕ ಸರಿ, ಅಳೆದ ಜಾಗ ತಪ್ಪು. ಕೆಳಗೆ ಸ್ಕರ್ಟಿನ ಹತ್ತಿರ ಒಂದು ಥೌ ಕೂಡ ಸರಿಯಾಗಿ ಉಳಿದಿರಲಿಲ್ಲ. ತಣ್ಣಗಿದ್ದಾಗ ಪಿಸ್ಟನ್ ಸಲೀಸಾಗಿ ಜಾರುತ್ತೆ, ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತೆ, ಊರೊಳಗೆ ಓಡುತ್ತೆ. ಹೈವೇಲಿ ಬಿಸಿ ಏರಿದಾಗ ಹಿಡಿಯುತ್ತೆ.

ಇದನ್ನು ಮೊದಲ ಸಲವೇ ನೋಡಿದ್ದರೆ ಮತ್ತೆ ಬೋರ್ ಮಾಡೋ ಅಗತ್ಯವೇ ಇರಲಿಲ್ಲ. ನಮ್ಮ ಬ್ಲಾಕ್ ಬೀಡಿನದು (ಎರಕದ ಕಬ್ಬಿಣ), ಪಿಸ್ಟನ್ ಅಲ್ಯೂಮಿನಿಯಂ. ಸೀಜ್ ಆದಾಗ ಬೋರ್‌ನಲ್ಲಿ ಕಾಣೋ ಬೆಳ್ಳಗಿನ ಪಟ್ಟೆ ಎಷ್ಟೋ ಸಲ ಗಾಯ ಅಲ್ಲ, ಮೆತ್ತಿಕೊಂಡ ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾ ನೀರು ಅದನ್ನು ತಿನ್ನುತ್ತೆ, ಬೀಡನ್ನು ಮುಟ್ಟಲ್ಲ. (ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ. ಹೆಡ್, ಕೇಸಿಂಗ್ ಅಲ್ಯೂಮಿನಿಯಂ, ಅವುಗಳ ಹತ್ತಿರ ಒಯ್ಯಬೇಡಿ.) ಅದು ಹೋದಮೇಲೆ ಉಗುರಿಗೆ ಗೀರು ಸಿಗದಿದ್ದರೆ, ಅದೇ ಸೈಜ್‌ನ ಹೊಸ ಪಿಸ್ಟನ್ ತಂದು, ಅದರ ಅಳತೆಗೆ ಹೋನಿಂಗ್ (ಕಲ್ಲಿನಿಂದ ನಯವಾಗಿ ಉಜ್ಜೋದು) ಮಾಡಿಸಿದರೆ ಮುಗೀತು. ನಾನು ಹಾಗೆ ಮಾಡದೆ ಕಾಲು ಮಿಲ್ಲಿ ಬೀಡು ಸುಮ್ನೆ ಕೆರೆಸಿ ಬಿಸಾಡಿದೆ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಆ ಬ್ಲಾಕ್ ಇನ್ನೆಲ್ಲಿಂದ ತರೋದು? ಕೊನೆಗೆ ಸ್ಲೀವ್ (ಒಳಗೆ ಕೂರಿಸೋ ಹೊಸ ಕೊಳವೆ) ಹಾಕಿಸಿ ಮತ್ತೆ ಸ್ಟ್ಯಾಂಡರ್ಡ್‌ಗೆ ತರಬೇಕಾಯ್ತು. ಎರಡೂ ಸಲದ ಬೋರಿಂಗ್ ಖರ್ಚು ಒಟ್ಟು ಮಾಡಿದ್ರೂ ಅದರಷ್ಟು ಆಗ್ತಿರಲಿಲ್ಲ.

ಹಾಗಾಗಿ ನಿಮ್ಮ ಪಿಸ್ಟನ್ ನೋಡಿ. ನಾಲ್ಕು ಮೂಲೆಯಲ್ಲಿ ಗೀರು ಇದ್ರೆ ನನ್ನ ಕಥೆಯೇ ನಿಮ್ಮದೂ. ಸೈಲೆನ್ಸರ್ ಕಡೆ ಮಾತ್ರ ಸುಟ್ಟು ಕೆರೆದಿದ್ರೆ ಬೋರಿಂಗ್‌ನವರನ್ನು ಬೈಬೇಡಿ. ಎಣ್ಣೆ ಸಾಲದೆ ಇರಬಹುದು, ಇಲ್ಲಾ ಕ್ರ್ಯಾಂಕ್ ಆಯಿಲ್ ಸೀಲ್ ಹಳೇದಾಗಿ ಗಾಳಿ ಎಳೀತಿರಬಹುದು. ರಿಂಗ್ ತುದಿ ಮುರಿದಿದ್ರೆ ಬೋರ್ ಆದ್ಮೇಲೆ ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಗಾಳಿ, ಹೊಗೆ ಓಡಾಡೋ ಕಿಂಡಿ) ಅಂಚನ್ನು ಯಾರೂ ಉಜ್ಜಿಲ್ಲ ಅಂತ ಅರ್ಥ. ಟೂ ಸ್ಟ್ರೋಕ್‌ನಲ್ಲಿ ಬೋರಿಂಗ್ ಟೂಲ್ ಆ ಅಂಚನ್ನು ಚಾಕು ಥರ ಮಾಡಿಟ್ಟಿರುತ್ತೆ. ಸಣ್ಣ ಅರದಲ್ಲಿ ಅದನ್ನು ಮೊಂಡ ಮಾಡಲೇಬೇಕು. ಕಾರು, ಬುಲೆಟ್ ಬೋರಿಂಗ್ ಮಾಡೋ ಅಂಗಡಿಯವರಿಗೆ ಇದು ನೆನಪೇ ಆಗಲ್ಲ, ಎದುರು ನಿಂತು ಹೇಳಿ.

ಪಿಸ್ಟನ್ ಕೈಯಲ್ಲಿ ಇಲ್ಲದೆ ಬ್ಲಾಕ್ ಕೊಡಬೇಡಿ. "65.75ಕ್ಕೆ ಹೊಡೀರಿ" ಅಂತ ನಂಬರ್ ಹೇಳಿ ಬರೋದು ಶುದ್ಧ ದಡ್ಡತನ. ಬೋರ್ ಗೇಜ್ (ತೂತಿನ ಒಳ ಅಳತೆ ನೋಡೋ ಸಾಧನ) ಇಲ್ಲದೆ, "ಪಿಸ್ಟನ್ ತಾನಾಗೇ ಇಳೀತು, ಸಾಕು" ಅನ್ನೋ ಅಂಗಡಿಗೆ ಹೋಗಲೇಬೇಡಿ. ಹೋನಿಂಗ್ ಆದ್ಮೇಲೆ ಬ್ಲಾಕನ್ನು ಸೋಪು, ಬಿಸಿನೀರಲ್ಲಿ ತಿಕ್ಕಿ ತೊಳೀರಿ, ಬಿಳಿ ಬಟ್ಟೆ ಒರೆಸಿದ್ರೆ ಬಿಳಿಯಾಗೇ ಬರಬೇಕು. ಪೆಟ್ರೋಲಲ್ಲಿ ತೊಳೆದ್ರೆ ಕಲ್ಲಿನ ಪುಡಿ ಹೋಗಲ್ಲ. ತೊಳೆದ ತಕ್ಷಣ ಎಣ್ಣೆ ಸವರಿ, ಇಲ್ಲಾಂದ್ರೆ ತುಕ್ಕು ಹಿಡಿಯುತ್ತೆ.

ಪಿಸ್ಟನ್ ಬ್ರ್ಯಾಂಡ್ ಚರ್ಚೆ ಇದೆಲ್ಲ ಆದಮೇಲೆ. ಹಳೇ ಪಿಸ್ಟನ್ ಇನ್ನೂ ಗುಜರಿಗೆ ಹಾಕಿಲ್ಲ ತಾನೇ? ಸೈಲೆನ್ಸರ್ ಕಡೆಯದು, ಪಿನ್ ಕಡೆಯದು ಎರಡೂ ಫೋಟೋ ಕಾಮೆಂಟಲ್ಲಿ ಹಾಕಿ, ನೋಡಿ ಹೇಳ್ತೀನಿ.