ಸಾಂಬಾ ಸರ್ವರ್ ಮೆಮೊರಿ ತುಂಬಿ ನಿಲ್ಲುವ ಬಗ್ಗೆ

ಮೂಡಿಗೆರೆಯ ತೋಟದ ಕಚೇರಿಯಲ್ಲಿರುವ ಸಾಂಬಾ (ವಿಂಡೋಸ್ ಕಂಪ್ಯೂಟರುಗಳಿಗೂ ಫೈಲ್ ಹಂಚುವ ತಂತ್ರಾಂಶ) ಸರ್ವರ್ ಪದೇ ಪದೇ ಮೆಮೊರಿ ತುಂಬಿ ನಿಲ್ಲುತ್ತಿದೆ, ಬೆಂಗಳೂರಿನಿಂದ ಲೆಕ್ಕ ನೋಡಲೆಂದು ರೂಟರಿನಲ್ಲಿ ಫೈಲ್ ಹಂಚಿಕೆಯ ಬಾಗಿಲಾದ 445ನೇ ಪೋರ್ಟ್ ತೆರೆದಿದೆ, ಫೋಲ್ಡರಿಗೆ ‘ಮ್ಯಾಕ್ಸ್ ಕನೆಕ್ಷನ್ಸ್’ (ಒಟ್ಟಿಗೆ ಎಷ್ಟು ಸಂಪರ್ಕ ಎಂಬ ಮಿತಿ) 10 ಎಂದು ಬರೆದರೂ ಗುಣ ಕಾಣಲಿಲ್ಲ ಎಂದಿದ್ದೀರಿ. ಕಾಣುವುದೂ ಇಲ್ಲ. ಆ ಮಿತಿ ಲೆಕ್ಕಕ್ಕೆ ಬರುವುದು ಬಳಕೆದಾರ ಫೋಲ್ಡರನ್ನು ಕೇಳಿದಾಗ. ಅದಕ್ಕೆ ಮೊದಲೇ, ಪಾಸ್‌ವರ್ಡಿನ ಮಾತೂ ಬರುವ ಮುನ್ನ, ಪ್ರತಿ ಟಿಸಿಪಿ (ನೆಟ್‌ವರ್ಕ್) ಸಂಪರ್ಕಕ್ಕೂ ಸಾಂಬಾದ ಒಂದೊಂದು ಎಸ್‌ಎಂಬಿಡಿ ಪ್ರೊಸೆಸ್ ಹುಟ್ಟಿರುತ್ತದೆ. ಛತ್ರದ ಹೆಬ್ಬಾಗಿಲು ತೆರೆದಿಟ್ಟು ಪಂಕ್ತಿಯಲ್ಲಿ ಎಲೆ ಎಣಿಸಿದಂತಾಯಿತು.

2017ರ ಜುಲೈಯಲ್ಲಿ ಡೆಫ್ ಕಾನ್ ಎಂಬ ಹ್ಯಾಕರುಗಳ ಸಮ್ಮೇಳನದಲ್ಲಿ ತೋರಿಸಿದ ಎಸ್‌ಎಂಬಿಲೋರಿಸ್ ಎಂಬ ದೋಷದ ಹೂರಣ ಇದೇ. ‘ಇನ್ನೂ 128 ಕಿಲೋಬೈಟ್ ಬರಲಿದೆ’ ಎಂದು 4 ಬೈಟಿನ ಹೆಡರಿನಲ್ಲಿ ಹೇಳಿ ಸುಮ್ಮನಾಗುವ ಸಂಪರ್ಕಗಳನ್ನು ಸಾವಿರಗಟ್ಟಲೆ ತೆರೆದರೆ, ವಿಂಡೋಸ್ ಪ್ರತಿಯೊಂದಕ್ಕೂ ಅಷ್ಟು ಮೆಮೊರಿ ಕಾದಿರಿಸುತ್ತದೆ; ಸಾಂಬಾ ಪ್ರೊಸೆಸ್‌ಗಳಲ್ಲೇ ಮುಳುಗುತ್ತದೆ. ಭದ್ರತಾ ಅಪ್‌ಡೇಟ್ ಕೊಡುವುದಿಲ್ಲವೆಂದು ಮೈಕ್ರೋಸಾಫ್ಟ್ ಆಗಲೇ ತಿಳಿಸಿದ್ದರಿಂದ, ವಿಂಡೋಸ್ ಸರ್ವರಿಗೆ ಹಾರಿದರೆ ಬಿಡುಗಡೆ ಸಿಕ್ಕೀತೆಂದು ಭಾವಿಸಬೇಡಿ.

ಮೊದಲು ‘ಪಿಎಸ್’ ಆದೇಶದಲ್ಲಿ ಎಸ್‌ಎಂಬಿಡಿಗಳನ್ನು ಎಣಿಸಿ. ಅಲ್ಲಿ ನೂರಾರು ಇದ್ದು ಸಾಂಬಾದ ಬಳಕೆದಾರರ ಪಟ್ಟಿ ಕೊಡುವ ‘ಎಸ್‌ಎಂಬಿಸ್ಟೇಟಸ್’ ನಾಲ್ಕೈದೇ ಸೆಷನ್ ತೋರಿಸಿದರೆ ರೋಗ ಇದೇ ಎಂದು ನಂಬಬಹುದು. ಬಳಿಕ ಸಾಂಬಾದ ಕಾನ್ಫಿಗ್ ಫೈಲಿನ ಗ್ಲೋಬಲ್ ವಿಭಾಗದಲ್ಲಿ, ಎಸ್‌ಎಂಬಿಡಿಗಳ ಒಟ್ಟು ಸಂಖ್ಯೆಗೆ ಮಿತಿ ಹಾಕುವ ‘ಮ್ಯಾಕ್ಸ್ ಎಸ್‌ಎಂಬಿಡಿ ಪ್ರೊಸೆಸಸ್’ ಬರೆಯಿರಿ. ಬರೆಯದಿದ್ದರೆ ಅದು 0, ಅಂದರೆ ಮಿತಿಯೇ ಇಲ್ಲ. 2017ರಲ್ಲಿ ಸೂಚಿಸಲಾದ 1000 ದೊಡ್ಡ ಸರ್ವರುಗಳಿಗೆ ಸರಿ, ಆರು ಕಂಪ್ಯೂಟರುಗಳ ಕಚೇರಿಗೆ 50 ಧಾರಾಳ. ಹಾಗೆಂದು 6 ಎಂದು ಬಿಗಿಯಬೇಡಿ: ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಹಳೆಯ ಪ್ರೊಸೆಸ್‌ಗಳು ಸ್ವಲ್ಪ ಹೊತ್ತು ಉಳಿದು, ನಿಮ್ಮ ಗುಮಾಸ್ತರೇ ಹೊರಗುಳಿಯುತ್ತಾರೆ, ಸ್ಕ್ಯಾನರಿಗೂ ಒಂದು ಸಂಪರ್ಕ ಬೇಕು. ಸುಮ್ಮನಿರುವ ಸಂಪರ್ಕವನ್ನು ಕಡಿಯುವ ‘ಡೆಡ್‌ಟೈಮ್’ ಅವಧಿ ಇಳಿಸಿದರೆ ಸಾಕೆನ್ನುವವರಿದ್ದಾರೆ, ಆದರೆ ಫೈಲ್ ತೆರೆದಿಟ್ಟ ಸಂಪರ್ಕವನ್ನು ಅದು ಮುಟ್ಟುವುದಿಲ್ಲ.

ಇಷ್ಟಾದರೂ ಉಳಿಯುವುದು ಯಂತ್ರ ಮಾತ್ರ. ದಾಳಿಕೋರ ಐವತ್ತನ್ನೂ ಹಿಡಿದು ಕುಳಿತರೆ ನಿಮಗೆ ಜಾಗವಿಲ್ಲ. ಆದ್ದರಿಂದ 445 ಮತ್ತು ಸಾಂಬಾದ ಇನ್ನೊಂದು ಪೋರ್ಟ್ 139 ಎರಡನ್ನೂ ರೂಟರಿನಲ್ಲಿ ಇಂದೇ ಮುಚ್ಚಿ. ಇದೇ 445ರ ಮೂಲಕ ಹರಡಿದ ವಾನ್ನಾಕ್ರೈ ಎಂಬ ಕುತಂತ್ರಾಂಶ ಬಂದು ಹೋದ ಮೇಲೂ ಇದನ್ನು ಹೇಳಬೇಕೇ? ಬೆಂಗಳೂರಿನಿಂದ ನೋಡಲು ವೈರ್‌ಗಾರ್ಡ್ ಎಂಬ ವಿಪಿಎನ್ (ಇಂಟರ್ನೆಟ್ಟಿನ ಮೂಲಕ ಹಾಯುವ ಖಾಸಗಿ ಸುರಂಗ) ಹಾಕಿ. ಅಂಥದ್ದೇ ಆದ ಓಪನ್‌ವಿಪಿಎನ್‌ಗಿಂತ ಹೊಂದಿಸುವುದು ಸುಲಭವೆಂಬುದು ನನ್ನ ಅಭಿಪ್ರಾಯ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂಡ ಅದನ್ನು ನಡೆಸುತ್ತದೆ. ನಿಮ್ಮ ಸರ್ವರ್ ಅಂಗಡಿಯಲ್ಲಿ ಸಿಗುವ ಸಿದ್ಧ ನಾಸ್ (ಫೈಲ್ ಶೇಖರಣೆಯ) ಪೆಟ್ಟಿಗೆಯಾದರೆ, ಕೈಯಿಂದ ತಿದ್ದಿದ ಕಾನ್ಫಿಗ್ ಅಪ್‌ಡೇಟಿನಲ್ಲಿ ಅಳಿಸಿಹೋಗಬಹುದು. ಪ್ರತಿ ಅಪ್‌ಡೇಟಿನ ನಂತರ, ಸಾಂಬಾದ ಕಾನ್ಫಿಗ್ ಪರೀಕ್ಷಿಸಿ ತೋರಿಸುವ ‘ಟೆಸ್ಟ್‌ಪಾರ್ಮ್’ ಆದೇಶವನ್ನು ‘-ವಿ’ ಸೇರಿಸಿಯೇ ನಡೆಸಿ, ಇಲ್ಲದಿದ್ದರೆ ಡೀಫಾಲ್ಟ್ ಮೌಲ್ಯಗಳು ಕಾಣಿಸುವುದಿಲ್ಲ.