ರೆಪ್ಪೆಗಿಂತ ಮೊದಲು ದವಡೆ: ಹೆಣ್ಣಿನ ಮುಖ, ಮೈಕಟ್ಟು ಬಿಡಿಸಲು ಕಲಿಯುವವರ ಪ್ರಶ್ನೆಗಳು

ಪ್ರಶ್ನೆ: ಹೆಣ್ಣಿನ ಮುಖ ಬಿಡಿಸಲು ಕೂತರೆ ಕೊನೆಗೆ ಅದು ಗಂಡಸಿನ ಮುಖಕ್ಕೆ ಉದ್ದ ಕೂದಲು ಅಂಟಿಸಿದಂತೆ ಕಾಣುತ್ತದೆ. ರೆಪ್ಪೆ ಉದ್ದ ಮಾಡಿದೆ, ತುಟಿ ತುಂಬಿಸಿದೆ, ಪ್ರಯೋಜನವಾಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ರೆಪ್ಪೆ, ತುಟಿ ಎಲ್ಲ ಆಮೇಲಿನ ಮಾತು. ನೋಡುವವರ ಕಣ್ಣು ಅದಕ್ಕೂ ಮೊದಲೇ ಹಣೆ, ಹುಬ್ಬಿನ ಏಣು, ದವಡೆ, ಕತ್ತು ಈ ನಾಲ್ಕನ್ನು ಓದಿ ತೀರ್ಮಾನಕ್ಕೆ ಬಂದುಬಿಟ್ಟಿರುತ್ತದೆ. ನೀವು ತಿದ್ದುತ್ತಿರುವ ಜಾಗ ಒಂದು, ತಪ್ಪು ಕೂತಿರುವ ಜಾಗ ಇನ್ನೊಂದು.

ಗಂಡಸಿನ ಹುಬ್ಬಿನ ಕೆಳಗಿನ ಮೂಳೆ ಸಾಮಾನ್ಯವಾಗಿ ಮುಂದಕ್ಕೆ ಚಾಚಿರುತ್ತದೆ. ಹಾಗಾಗಿ ಕಣ್ಣು ನೆರಳಿನಲ್ಲಿ ಹುದುಗಿ, ಹುಬ್ಬು ಕಣ್ಣಿಗೆ ಒತ್ತಿಕೊಂಡಂತೆ ಕೂರುತ್ತದೆ. ಹೆಣ್ಣಿನ ಹಣೆ ಹೆಚ್ಚು ನೇರವಾಗಿ ಏರುತ್ತದೆ, ಆ ಏಣು ಮೆಲುವಾಗಿರುತ್ತದೆ, ಹುಬ್ಬಿಗೂ ಮೇಲಿನ ರೆಪ್ಪೆಗೂ ನಡುವೆ ಒಂದಿಷ್ಟು ಬಯಲು ಉಳಿಯುತ್ತದೆ. ಹುಬ್ಬಿನ ಕಮಾನು ಅತಿ ಎತ್ತರಕ್ಕೇರುವುದು ನಡುವಿನಲ್ಲಲ್ಲ, ಹೊರತುದಿಯ ಕಡೆಯ ಮೂರನೇ ಒಂದು ಭಾಗದ ಹತ್ತಿರ. ದವಡೆ ಕಿವಿಯ ಕೆಳಗೆ ಚೌಕವಾಗಿ ಮುರಿಯದೆ ಮೆಲ್ಲಗೆ ತಿರುಗಿ, ಕಿರಿದಾದ ಗದ್ದಕ್ಕೆ ಬಂದು ಸೇರುತ್ತದೆ. ಕತ್ತಿನ ಅಗಲ ತಲೆಯಗಲದ ಸುಮಾರು ಮೂರನೇ ಎರಡು ಭಾಗ. ಹೊಸಬರು ಅದನ್ನು ದವಡೆಯಷ್ಟೇ ಅಗಲ ಮಾಡುತ್ತಾರೆ, ಇಲ್ಲವೇ ಕಡ್ಡಿಯಂತೆ ಸಣ್ಣಗೆ ಮಾಡುತ್ತಾರೆ. ಕತ್ತು ಹೆಗಲಿನಿಂದ ತುಸು ಮುಂದಕ್ಕೆ ವಾಲಿಕೊಂಡೇ ಮೇಲೇಳುತ್ತದೆ, ಕಂಬದಂತೆ ನೆಟ್ಟಗೆ ನಿಲ್ಲುವುದಿಲ್ಲ.

ಇನ್ನು ಅಳತೆ. ನೆತ್ತಿಯಿಂದ ಗದ್ದದವರೆಗೆ 12 ಸೆಂ.ಮೀ. ಇರುವ ತಲೆ ತೆಗೆದುಕೊಳ್ಳಿ, ಅಗಲ 8 ಸೆಂ.ಮೀ. ಕಣ್ಣಿನ ಗೆರೆ ಸರಿಯಾಗಿ ನಡುವೆ, ಮೇಲಿನಿಂದ 6 ಸೆಂ.ಮೀ.ಗೆ. ಹೊಸಬರ ಕೈ ಇದನ್ನು ನಂಬುವುದೇ ಇಲ್ಲ, ಕಣ್ಣನ್ನು ಯಾವಾಗಲೂ ಮೇಲಕ್ಕೆ ಒಯ್ಯುತ್ತದೆ. ಆಗ ಹಣೆ ಕುಗ್ಗಿ, ಮುಖದ ಕೆಳಭಾಗ ಭಾರವಾಗಿ, ಮುಖ ತಾನಾಗಿಯೇ ಗಡಸಾಗುತ್ತದೆ. ಕೂದಲ ಗಡಿ 1.8 ಸೆಂ.ಮೀ.ಗೆ ಬರಲಿ. ಅಲ್ಲಿಂದ ಗದ್ದದವರೆಗೆ ಉಳಿದದ್ದನ್ನು ಮೂರು ಸಮ ಪಾಲು ಮಾಡಿದರೆ ಹುಬ್ಬು 5.2ಕ್ಕೆ, ಮೂಗಿನ ಬುಡ 8.6ಕ್ಕೆ ಬಂತು. ತುಟಿಗಳು ಕೂಡುವ ಗೆರೆ ಮೂಗಿನ ಬುಡದಿಂದ ಗದ್ದಕ್ಕೆ ಇರುವ ದೂರದ ಮೂರನೇ ಒಂದರಲ್ಲಿ, ಅಂದರೆ ಸುಮಾರು 9.7ಕ್ಕೆ. ತಲೆಯಗಲವನ್ನು ಐದು ಪಾಲು ಮಾಡಿದರೆ ಒಂದೊಂದು ಪಾಲು ಒಂದು ಕಣ್ಣಿನಗಲ, 1.6 ಸೆಂ.ಮೀ. ಎರಡು ಕಣ್ಣುಗಳ ನಡುವೆಯೂ ಅಷ್ಟೇ ಜಾಗ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದ ಮಟ್ಟದವರೆಗೆ.

ಇದು ಸರಾಸರಿ ಲೆಕ್ಕ. ನಿಮ್ಮ ಎದುರಿಗೆ ಕೂತವರ ಮುಖ ಇದರಿಂದ ಎಲ್ಲಿ ಎಷ್ಟು ಸರಿಯುತ್ತದೆ ಎಂದು ನೋಡುವುದಕ್ಕೇ ಈ ಲೆಕ್ಕ ಬೇಕು; ಆ ವ್ಯತ್ಯಾಸದಲ್ಲೇ ಅವರ ಹೋಲಿಕೆ ಸಿಗುತ್ತದೆ.

ಪ್ರಶ್ನೆ: ಒಂದು ಕಣ್ಣು ಚೆನ್ನಾಗಿ ಬರುತ್ತದೆ, ಇನ್ನೊಂದು ಅದಕ್ಕೆ ಜೋಡಿಯಾಗುವುದೇ ಇಲ್ಲ. ಏನು ಮಾಡಲಿ?

ಒಂದು ಕಣ್ಣನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತೀರಿ, ತೊಂದರೆ ಅಲ್ಲಿದೆ. ಎರಡನ್ನೂ ಹೆಜ್ಜೆಹೆಜ್ಜೆಗೆ ಒಟ್ಟಿಗೆ ಬೆಳೆಸಿ. ಮೊದಲು ನಾಲ್ಕು ಚುಕ್ಕೆ: ಎರಡು ಒಳಮೂಲೆ, ಎರಡು ಹೊರಮೂಲೆ. ಹೊರಮೂಲೆ ಒಳಮೂಲೆಗಿಂತ ಕೂದಲೆಳೆಯಷ್ಟು ಮೇಲಿರಲಿ. ಆಮೇಲೆ ಎರಡೂ ಕಡೆ ಮೇಲಿನ ರೆಪ್ಪೆ, ಎರಡೂ ಕಡೆ ಕೆಳಗಿನ ರೆಪ್ಪೆ, ಆಮೇಲೆ ಪಾಪೆ.

ಪಾಪೆಯ ಸುತ್ತಲಿನ ಬಣ್ಣದ ವೃತ್ತ ಕಣ್ಣಿನಗಲದ ಮೂರನೇ ಒಂದಕ್ಕಿಂತ ತುಸು ದೊಡ್ಡದು, 1.6 ಸೆಂ.ಮೀ. ಕಣ್ಣಿಗೆ 0.6 ಸೆಂ.ಮೀ. ಸಾಕು. ಅದರ ಮೇಲಂಚು ರೆಪ್ಪೆಯಡಿ ಸ್ವಲ್ಪ ಮರೆಯಾಗಬೇಕು, ಕೆಳಂಚು ಕೆಳರೆಪ್ಪೆಯನ್ನು ಮುಟ್ಟಬೇಕು. ವೃತ್ತದ ಸುತ್ತ ಮೇಲೆ ಕೆಳಗೆ ಬಿಳಿ ಕಂಡರೆ ಮುಖ ಬೆಚ್ಚಿಬಿದ್ದಂತಾಗುತ್ತದೆ. ಮೇಲಿನ ರೆಪ್ಪೆಗೆ ದಪ್ಪವಿದೆ, ಅದರ ನೆರಳು ಗುಡ್ಡೆಯ ಮೇಲೆ ಬೀಳುತ್ತದೆ. ಆದ್ದರಿಂದ ಕಣ್ಣಿನ ಬಿಳಿಯನ್ನು ಕಾಗದದ ಬಿಳಿಯಾಗಿ ಬಿಡಬೇಡಿ, ಮೇಲ್ಭಾಗಕ್ಕೂ ಎರಡು ಮೂಲೆಗಳಿಗೂ ಬೂದು ಕೊಡಿ. ಇಷ್ಟು ಮಾಡಿದರೆ ಚಪ್ಪಟೆ ಬಾದಾಮಿ ಗುಂಡಗಾಗುತ್ತದೆ. ಹೊಳಪಿನ ಚುಕ್ಕೆ ಎರಡೂ ಕಣ್ಣಿನಲ್ಲಿ ಒಂದೇ ದಿಕ್ಕಿಗಿರಲಿ. ರೆಪ್ಪೆಗೂದಲನ್ನು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಲ್ಲಿಸಬೇಡಿ. ಅವು ಎರಡು ಮೂರು ಸೇರಿ ಗುಂಪಾಗಿ, ಮೊದಲು ತುಸು ಕೆಳಗಿಳಿದು ಆಮೇಲೆ ಮೇಲಕ್ಕೆ ಬಾಗುತ್ತವೆ. ಹೊರಮೂಲೆಯಲ್ಲಿ ದಟ್ಟ, ಮೂಗಿನ ಕಡೆಗೆ ವಿರಳ.

ಜೋಡಿಯನ್ನು ಪರೀಕ್ಷಿಸಲು ಹಾಳೆಯನ್ನು ಕನ್ನಡಿಗೆ ಹಿಡಿಯಿರಿ, ಇಲ್ಲವೇ ಫೋಟೊ ತೆಗೆದು ಫೋನಿನಲ್ಲಿ ಮಗುಚಿ ನೋಡಿ. ಕಣ್ಣಿಗೆ ಒಗ್ಗಿಹೋದ ಸೊಟ್ಟತನ ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: 20 ವರ್ಷದ ಹುಡುಗಿಯ ಚಿತ್ರ 50 ದಾಟಿದವರಂತೆ ಕಾಣುತ್ತದೆ. ನಗಿಸಿದರಂತೂ ಇನ್ನೂ ವಯಸ್ಸಾಗುತ್ತದೆ.

ನೆರಳನ್ನು ಗೆರೆಯಾಗಿ ಎಳೆಯುತ್ತಿದ್ದೀರಿ. ಮೂಗಿನ ಪಕ್ಕದಿಂದ ಬಾಯಿಯ ಮೂಲೆಗೆ ಇಳಿಯುವ ಮಡಿಕೆ ಎಳೆಯ ಮುಖದಲ್ಲೂ ಇದೆ, ಆದರೆ ಅಲ್ಲಿ ಅದು ಅಂಚಿಲ್ಲದ ಮೆದು ತಿರುವು. ಅದಕ್ಕೆ ಚೂಪು ಗೆರೆ ಬಿದ್ದ ಕೂಡಲೇ ಸುಕ್ಕಾಗುತ್ತದೆ. ಕಣ್ಣಿನ ಕೆಳಗೂ ಹಾಗೆಯೇ. ಅಲ್ಲೆಲ್ಲ ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಬೂದು ಹಾಕಿ, ಅಂಚನ್ನು ಕರಗಿಸಿ.

ನಗುವಾಗ ಹಲ್ಲಿನ ನಡುವೆ ಒಂದೊಂದೇ ಗೆರೆ ಎಳೆಯಬೇಡಿ. ಹಲ್ಲಿನ ಸಾಲನ್ನು ಒಂದೇ ಬಿಳಿ ಪಟ್ಟಿಯಾಗಿ ಬಿಟ್ಟು, ಒಸಡಿನ ಕಡೆಯ ಸಣ್ಣ ತ್ರಿಕೋನಗಳನ್ನೂ ಬಾಯಿಯ ಮೂಲೆಯ ಕತ್ತಲನ್ನೂ ಮಾತ್ರ ಸೂಚಿಸಿದರೆ ಸಾಕು.

ತುಟಿಗೆ ಸುತ್ತ ಬೇಲಿ ಬೇಡ. ತುಟಿಯಲ್ಲಿ ಅತ್ಯಂತ ಗಾಢವಾದದ್ದು ಎರಡೂ ಕೂಡುವ ನಡುಗೆರೆ, ಅದೂ ಮೂಲೆಗಳಲ್ಲಿ ಮತ್ತು ನಡುವೆ ದಟ್ಟವಾಗಿ, ಉಳಿದಲ್ಲಿ ತೆಳುವಾಗಿ. ಬೆಳಕು ಮೇಲಿನಿಂದ ಬಿದ್ದಾಗ ಮೇಲ್ತುಟಿ ಕೆಳಮುಖವಾಗಿರುವುದರಿಂದ ಕಪ್ಪಗೆ, ಕೆಳತುಟಿ ಮೇಲ್ಮುಖವಾಗಿರುವುದರಿಂದ ಹೊಳಪಾಗಿ ಕಾಣುತ್ತದೆ. ಕೆಳತುಟಿಯ ಕೆಳಗೆ ಒಂದು ಗಿಡ್ಡ ನೆರಳು ಹಾಕಿದರೆ ಅದು ತಾನಾಗಿಯೇ ಉಬ್ಬಿ ನಿಲ್ಲುತ್ತದೆ, ಕೆಳಗಡೆ ಗೆರೆಯೇ ಬೇಕಾಗುವುದಿಲ್ಲ. ಮೂಗಿನ ಎರಡು ಪಕ್ಕದಲ್ಲಿ ಉದ್ದ ಗೆರೆ ಎಳೆಯುವುದನ್ನೂ ಇದೇ ಕಾರಣಕ್ಕೆ ಬಿಡಿ. ಬೇಕಾದದ್ದು ತುದಿಯ ಕೆಳಗಿನ ನೆರಳು ಮತ್ತು ಹೊಳ್ಳೆಗಳ ಮೆದು ಗುರುತು. ಹೊಳ್ಳೆಗೆ ಕಡುಗಪ್ಪು ತುಂಬಿದರೆ ನೋಟವೆಲ್ಲ ಅಲ್ಲಿಗೇ ಹೋಗಿ ಬೀಳುತ್ತದೆ.

ಪ್ರಶ್ನೆ: ನಿಂತ ಹೆಣ್ಣಿನ ಪೂರ್ಣ ಚಿತ್ರ ಬಿಡಿಸಿದರೆ ಸೆಟೆದು ನಿಂತ ಬೊಂಬೆಯಾಗುತ್ತದೆ. ಸೊಂಟ ಸಣ್ಣ ಮಾಡಿದರೂ ಲಾಲಿತ್ಯ ಬರುತ್ತಿಲ್ಲ.

ಸೊಂಟವನ್ನು ಹಿಂಡಿದರೆ ಮರಳು ಗಡಿಯಾರ ಸಿಗುತ್ತದೆ, ಹೆಣ್ಣಲ್ಲ. ಎರಡು ಕೆಲಸವನ್ನು ಬೇರೆಬೇರೆಯಾಗಿ ಕಲಿಯಿರಿ: ಅಳತೆ ಒಂದು, ಭಾರ ಇನ್ನೊಂದು.

ಅಳತೆಗೆ ತಲೆಯೇ ಮಾನದಂಡ. ಸಾಮಾನ್ಯ ಮೈಕಟ್ಟು ಸುಮಾರು ಏಳೂವರೆ ತಲೆ ಎತ್ತರ. ಎಂಟು ತಲೆ ಮಾಡಿದರೆ ಆದರ್ಶ ರೂಪವಾಗುತ್ತದೆ. ತಲೆ 3 ಸೆಂ.ಮೀ. ಇಟ್ಟರೆ ಆಕೃತಿ 22.5 ಸೆಂ.ಮೀ., ಎ4 ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ. ನೆತ್ತಿಯಿಂದ 6 ಸೆಂ.ಮೀ.ಗೆ ಎದೆಯ ನಡುಮಟ್ಟ, 9ಕ್ಕೆ ಹೊಕ್ಕುಳ, 11ರ ಆಸುಪಾಸಿನಲ್ಲಿ ಕಾಲು ಕವಲೊಡೆಯುವ ಜಾಗ, 16.5ರ ಹತ್ತಿರ ಮೊಣಕಾಲು. ಅರ್ಧ ಎತ್ತರ ಕಾಲಿನದೇ ಎಂಬುದನ್ನು ಮರೆತು ಬಹಳ ಜನ ಕಾಲನ್ನು ಗಿಡ್ಡ ಮಾಡುತ್ತಾರೆ. ಹಾಳೆಯ ಮೇಲಿನಿಂದ ಬಿಡಿಸುತ್ತಾ ಬಂದು ಕೆಳಗೆ ಜಾಗ ಸಾಲದೆ ಹೋಗುವುದೂ ಇದಕ್ಕೆ ಕಾರಣ. ನೆತ್ತಿ ಮತ್ತು ಪಾದದ ಗುರುತನ್ನು ಮೊದಲೇ ಹಾಕಿಕೊಳ್ಳಿ.

ಅಗಲದಲ್ಲಿ ಭುಜ ಎರಡು ತಲೆಯೆತ್ತರಕ್ಕಿಂತ ತುಸು ಕಡಿಮೆ, ಇದೇ ಚಿತ್ರಕ್ಕೆ 5.5 ಸೆಂ.ಮೀ.; ನಡು 3.7ರಷ್ಟು, ನಿತಂಬ 4.8ರಷ್ಟು. ಗಮನಿಸಿ, ಭುಜ ಇಲ್ಲಿಯೂ ಅಗಲವೇ. ಗಂಡಸಿನಲ್ಲಿ ಭುಜಕ್ಕೂ ನಿತಂಬಕ್ಕೂ ಇರುವ ಅಂತರ ಹೆಚ್ಚು, ಹೆಣ್ಣಿನಲ್ಲಿ ಕಡಿಮೆ, ಅಷ್ಟೇ. ಹೆಣ್ಣಿನ ಸೊಂಟದ ಎಲುಬು ಅಗಲವಿರುವುದರಿಂದ ತೊಡೆಯ ಮೂಳೆ ಮೊಣಕಾಲಿನ ಕಡೆಗೆ ಹೆಚ್ಚು ಓರೆಯಾಗಿ ಒಳಸರಿಯುತ್ತದೆ. ಕಾಲುಗಳನ್ನು ಎರಡು ಸಮಾನಾಂತರ ಕಂಬ ಮಾಡಿದಾಗ ಚಿತ್ರ ಗಂಡಸಿನಂತಾಗುವುದು ಇದರಿಂದಲೇ. ಸ್ತನಗಳು ಎದೆಗೂಡಿನ ಉಬ್ಬಿನ ಮೇಲೆ ಕೂತಿರುತ್ತವೆ, ತುಸು ಹೊರಮುಖವಾಗಿ. ಕೊರಳೆಲುಬಿನ ಹತ್ತಿರಕ್ಕೆ ಏರಿಸಿ ಎರಡು ಗುಂಡು ಅಂಟಿಸಿದರೆ ಗುರುತ್ವವೇ ಇಲ್ಲದಂತೆ ಕಾಣುತ್ತದೆ. ಮೊದಲು ಎದೆಗೂಡನ್ನು ಮೊಟ್ಟೆಯಾಕಾರದಲ್ಲಿ ಬಿಡಿಸಿ, ನಂತರ ಅದರ ಮೇಲೆ ಅವನ್ನು ಇಡಿ. ಕೈ ಎತ್ತಿದಾಗ ಆ ಕಡೆಯದು ತುಸು ಮೇಲಕ್ಕೆ ಸೆಳೆದುಕೊಳ್ಳುತ್ತದೆ.

ಈಗ ಭಾರ. ಆರಾಮಾಗಿ ನಿಂತವರು ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕುವುದು ಅಪರೂಪ. ಭಾರ ಬಲಗಾಲಿಗೆ ಬಿದ್ದರೆ ಸೊಂಟದ ಬಲಬದಿ ಮೇಲೇಳುತ್ತದೆ, ಸಮತೋಲಕ್ಕಾಗಿ ಬಲಭುಜ ಇಳಿಯುತ್ತದೆ. ಬಲಪಕ್ಕೆ ಸುಕ್ಕುಗಟ್ಟಿ ಗಿಡ್ಡವಾಗುತ್ತದೆ, ಎಡಪಕ್ಕೆ ಹಿಗ್ಗಿ ಉದ್ದವಾಗುತ್ತದೆ, ತಲೆ ಮತ್ತೆ ಒಂದು ಕಡೆ ವಾಲುತ್ತದೆ. ಶಿಲ್ಪಗಳ ತ್ರಿಭಂಗದ, ಅಂದರೆ ಮೂರು ಕಡೆ ಬಾಗಿದ ನಿಲುವಿನ, ಸೊಗಸೆಲ್ಲ ಈ ಓರೆಗಳ ಎದುರುಬದುರಿನಲ್ಲಿದೆ. ಚಿತ್ರ ಆರಂಭಿಸುವಾಗ ನೆತ್ತಿಯಿಂದ ಭಾರದ ಪಾದದವರೆಗೆ ಒಂದೇ ಉಸಿರಿನಲ್ಲಿ ಒಂದು ಬಾಗುಗೆರೆ, ಭುಜಕ್ಕೊಂದು ಓರೆಗೆರೆ, ಸೊಂಟಕ್ಕೆ ಅದರ ವಿರುದ್ಧ ದಿಕ್ಕಿನ ಇನ್ನೊಂದು. ಇಷ್ಟಕ್ಕೆ ಹತ್ತು ಸೆಕೆಂಡು ಸಾಕು. ಆಮೇಲೆ ಕತ್ತಿನ ಕುಳಿಯಿಂದ ನೇರ ಕೆಳಗೆ ಒಂದು ಲಂಬ ಇಳಿಬಿಡಿ. ಒಂಟಿಕಾಲಿನ ಮೇಲೆ ಭಾರವಿದ್ದರೆ ಅದು ಆ ಕಾಲಿನ ಹರಡಿನ ಹತ್ತಿರ ಬೀಳಬೇಕು. ದೂರ ಬಿದ್ದರೆ ಆಕೃತಿ ಉರುಳಿಬೀಳುವಂತಿರುತ್ತದೆ, ಯಾವ ಶೇಡಿಂಗೂ ಅದನ್ನು ಉಳಿಸಲಾರದು.

ಬಟ್ಟೆಯನ್ನು ಕೊನೆಗೆ ತೊಡಿಸಿ. ಮಡಿಕೆಗಳು ಎಲ್ಲೆಂದರಲ್ಲಿ ಏಳುವುದಿಲ್ಲ. ಬಟ್ಟೆ ನೇತಾಡುವ, ಜಗ್ಗುವ, ಮಡಚುವ ಜಾಗಗಳಿಂದ, ಅಂದರೆ ಭುಜ, ಎದೆ, ಮೊಣಕೈ, ಸೊಂಟ, ಮೊಣಕಾಲುಗಳಿಂದ ಹೊರಡುತ್ತವೆ.

ಪ್ರಶ್ನೆ: ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸಿದರೂ ತಂತಿಯಂತೆ ಕಾಣುವುದೇಕೆ?

ಒಂದೊಂದೇ ಎಳೆಯಾಗಿ ಬಿಡಿಸಿದ್ದರಿಂದಲೇ. ಮೊದಲು ಬೋಳುತಲೆಯನ್ನು ಪೂರ್ತಿ ಬಿಡಿಸಿ, ಕೂದಲು ಅದರ ಮೇಲೆ ಹೊದಿಕೆ, 12 ಸೆಂ.ಮೀ. ತಲೆಗೆ ಅರ್ಧ ಸೆಂ.ಮೀ.ನಷ್ಟು ಹೊರಗೆ ಉಬ್ಬಲಿ. ಬೈತಲೆಯಿಂದ ಹೊರಟು ಬೀಳುವ ನಾಲ್ಕೈದು ಅಗಲ ಪಟ್ಟಿಗಳನ್ನು ರಿಬ್ಬನ್‌ನಂತೆ ಗುರುತಿಸಿ. ಒಂದೊಂದು ಪಟ್ಟಿಯೂ ತಲೆಯ ಗುಂಡುತನಕ್ಕೆ ತಿರುಗುವ ಜಾಗದಲ್ಲಿ ಬೆಳಕು, ಕಿವಿಯ ಹಿಂದೆ ಮತ್ತು ಕತ್ತಿನ ಬಳಿ ಕತ್ತಲೆ. ಎಳೆಗಳನ್ನು ಕೊನೆಯಲ್ಲಿ, ಬೆಳಕೂ ಕತ್ತಲೆಯೂ ಸಂಧಿಸುವಲ್ಲಿ ಮಾತ್ರ ಹಾಕಿ. ಹಣೆಯ ಅಂಚಿನಲ್ಲಿ ಗಟ್ಟಿ ಗೆರೆ ಬಂದರೆ ಟೋಪಿಯಾಗುತ್ತದೆ, ಅಲ್ಲಿ ಚರ್ಮದ ಬೂದಿನಿಂದ ಕೂದಲ ಕಪ್ಪಿಗೆ ಮೆಲ್ಲಗೆ ದಾಟಿ.

ಪ್ರಶ್ನೆ: ಮುಖವನ್ನು ಮುಕ್ಕಾಲು ಪಾಲು ಕಾಣುವಂತೆ ತಿರುಗಿಸಿದಾಗ ಆಚೆ ಕಡೆಯ ಕಣ್ಣು ತೇಲುತ್ತದೆ.

ಆಚೆಯ ಕಣ್ಣನ್ನು ಈಚೆಯದರಷ್ಟೇ ಅಗಲ ಬಿಡಿಸಿರುತ್ತೀರಿ. ತಿರುಗಿದ ಮುಖದಲ್ಲಿ ಅದು ಕಿರಿದಾಗುತ್ತದೆ, ಮೂಗಿನ ಸೇತುವೆ ಅದರ ಒಳಮೂಲೆಯನ್ನು ಸ್ವಲ್ಪ ಮರೆಮಾಡಲೂಬಹುದು. ಮುಖದ ನಡುಗೆರೆಯನ್ನು ಮೊಟ್ಟೆಯ ಮೇಲೆ ಎಳೆದಂತೆ ಬಾಗಿಸಿ, ಕಣ್ಣು, ಮೂಗು, ಬಾಯಿಯ ಗೆರೆಗಳೂ ಅದೇ ಮೊಟ್ಟೆಯನ್ನು ಸುತ್ತಲಿ. ಆಚೆ ಬದಿಯ ಅಂಚು ಹಣೆಯಿಂದ ಇಳಿದು, ಕಣ್ಣಿನ ಬಳಿ ಒಳಗೆ ತಗ್ಗಿ, ಕೆನ್ನೆಮೂಳೆಯಲ್ಲಿ ಉಬ್ಬಿ, ಬಾಯಿಯ ಪಕ್ಕದಿಂದ ಗದ್ದಕ್ಕೆ ಇಳಿಯುತ್ತದೆ. ಈ ಒಂದು ಅಂಚು ಸರಿಬಂದರೆ ಅರ್ಧ ಕೆಲಸ ಆಯಿತು. ಮುಖ ಕೆಳಗೆ ಬಾಗಿದರೆ ಕಿವಿ ಕಣ್ಣಿಗಿಂತ ಮೇಲೇರುತ್ತದೆ, ಮೇಲೆತ್ತಿದರೆ ಕೆಳಗಿಳಿಯುತ್ತದೆ.

ಪ್ರಶ್ನೆ: ಕೈಬೆರಳುಗಳು ಬರುವುದಿಲ್ಲ, ಹಾಗಾಗಿ ಬೆನ್ನ ಹಿಂದೆ ಬಚ್ಚಿಡುತ್ತೇನೆ.

ಬಚ್ಚಿಡಬೇಡಿ. ಹಸ್ತದ ಉದ್ದ ಗದ್ದದಿಂದ ಕೂದಲ ಗಡಿಯಷ್ಟು; ಹೊಸಬರು ಯಾವಾಗಲೂ ಚಿಕ್ಕದಾಗಿಸುತ್ತಾರೆ. ನಾಲ್ಕು ಬೆರಳನ್ನು ಒಂದೇ ಗುಂಪಾಗಿ, ಹೆಬ್ಬೆರಳನ್ನು ಬೇರೆಯಾಗಿ, ಕೈಗವಸು ತೊಟ್ಟಂತೆ ಬಿಡಿಸಿ ಆಮೇಲೆ ಸೀಳಿ. ನಡುವಿನ ಎರಡು ಬೆರಳು ಜೊತೆಗೂಡಿ, ತೋರುಬೆರಳೂ ಕಿರುಬೆರಳೂ ತುಸು ಬಿಡಿಯಾಗಿದ್ದರೆ ಕೈ ನಯವಾಗಿ ಕಾಣುತ್ತದೆ.

ಪ್ರಶ್ನೆ: ಯಾವ ಪೆನ್ಸಿಲ್?

ಕರಡಿಗೆ ಎಚ್‌ಬಿ, ಶೇಡಿಂಗ್‌ಗೆ 2ಬಿ, ಕಣ್ಣು ಕೂದಲ ಕಡುಗಪ್ಪಿಗೆ 4ಬಿ. ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರ್ ಒಂದಿರಲಿ, ಉಜ್ಜದೆ ಒತ್ತಿ ಎತ್ತಿದರೆ ಬೆಳಕು ಮೂಡುತ್ತದೆ. ಬೆರಳಿನಿಂದ ಉಜ್ಜಬೇಡಿ, ಚರ್ಮದ ಜಿಡ್ಡು ಕಾಗದಕ್ಕೆ ಹತ್ತಿ ಕಲೆಯಾಗುತ್ತದೆ.

ಪ್ರಶ್ನೆ: ಸೆಲ್ಫಿ ನೋಡಿ ಅಭ್ಯಾಸ ಮಾಡಬಹುದೇ? ದಿನಕ್ಕೆ ಎಷ್ಟು ಹೊತ್ತು?

ತೋಳಳತೆಯಲ್ಲಿ ತೆಗೆದ ಸೆಲ್ಫಿಯಲ್ಲಿ ಕ್ಯಾಮೆರಾಕ್ಕೆ ಹತ್ತಿರವಿರುವ ಮೂಗು ಹಿಗ್ಗಿ, ದೂರದ ಕಿವಿ ಕುಗ್ಗಿರುತ್ತದೆ. ಮೇಲೆ ಹೇಳಿದ ಅಳತೆ ಯಾವುದೂ ಅದಕ್ಕೆ ಹೊಂದದೆ ನಿಮಗೆ ನಿಮ್ಮ ಕೈಮೇಲೇ ಅನುಮಾನ ಬರುತ್ತದೆ. ಒಂದೂವರೆ ಎರಡು ಮೀಟರ್ ದೂರದಿಂದ, ಕಣ್ಣಿನ ಮಟ್ಟದಲ್ಲಿ, ಒಂದೇ ಕಡೆಯ ಬೆಳಕಿನಲ್ಲಿ ತೆಗೆದ ಫೋಟೊ ಇಟ್ಟುಕೊಳ್ಳಿ. ಫಿಲ್ಟರ್ ಹಾಕಿದ್ದು ಬೇಡವೇ ಬೇಡ, ಅದು ನೀವು ಕಲಿಯಬೇಕಾದ ನೆರಳನ್ನೇ ಅಳಿಸಿರುತ್ತದೆ.

ದಿನಕ್ಕೆ 40 ನಿಮಿಷ ಸಿಕ್ಕರೆ ಮೊದಲ 10 ನಿಮಿಷ ಒಂದೊಂದು ನಿಮಿಷದ ಹತ್ತು ನಿಲುವು, ರಬ್ಬರ್ ಮುಟ್ಟದೆ. ಉಳಿದ 30 ನಿಮಿಷ ಒಂದೇ ಮುಖಕ್ಕೆ, ಅದರಲ್ಲಿ ಮೊದಲ 10 ನಿಮಿಷ ಬರೀ ಅಳತೆಗೆ. ಆ ಹತ್ತು ನಿಮಿಷ ಮುಗಿಯುವ ತನಕ ಒಂದು ರೆಪ್ಪೆಗೂದಲನ್ನೂ ಹಾಕಬೇಡಿ. ಹಾಳೆಗೆ ದಿನಾಂಕ ಬರೆದಿಟ್ಟು, ವಾರಕ್ಕೊಮ್ಮೆ ಹಳೆಯ ಚಿತ್ರದ ಮೇಲೆ ಕೆಂಪು ಪೆನ್ಸಿಲಿನಿಂದ ಕಣ್ಣಿನ ಗೆರೆ, ಮೂಗಿನ ಬುಡ, ದವಡೆಯ ತಿರುವು ಇವನ್ನು ಸರಿಯಾದ ಜಾಗದಲ್ಲಿ ಗುರುತು ಮಾಡಿ. ಪ್ರತಿ ವಾರವೂ ನಿಮ್ಮ ಕೈ ಒಂದೇ ಕಡೆಗೆ ಜಾರುತ್ತಿರುವುದು ಕಾಣುತ್ತದೆ. ಮುಂದಿನ ವಾರ ತಿದ್ದಬೇಕಾದದ್ದು ಆ ಒಂದನ್ನು ಮಾತ್ರ.