ಬಹುಮಾನ ಬಂದದ್ದೋ, ಏಳು ಮಾರ್ಕ್ಸ್ ಬಂದದ್ದೋ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕೊಪ್ಪಳದಲ್ಲಿ ದ್ವಿತೀಯ ಪಿಯು ಆರ್ಟ್ಸ್ ಓದುತ್ತಿದ್ದೇನೆ, ಇಂಗ್ಲಿಷ್ ಮೀಡಿಯಂ. ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಕ್ಲಾಸಿಗಾಗಿ ಬರೆದು ಮಾರ್ಕ್ಸ್ ಹಾಕಿಸಿಕೊಂಡ ಒಂದು ಬರಹವನ್ನು ಅವರು ಕೇಳುತ್ತಾರೆ. ನನ್ನ ಹತ್ತಿರ ಮೂರಿವೆ. ಗವಿಮಠದ ಜಾತ್ರೆ ಬಗ್ಗೆ ಇಂಗ್ಲಿಷಿನಲ್ಲಿ ಬರೆದು ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ಪ್ರಬಂಧ, ಕಾಲೇಜು ಮ್ಯಾಗಜಿನ್‌ನಲ್ಲಿ ಬಂದ ಇಂಗ್ಲಿಷ್ ಕವಿತೆ, ಹೋದ ವರ್ಷದ ಇತಿಹಾಸ ಪ್ರಾಜೆಕ್ಟ್. ಪ್ರಾಜೆಕ್ಟಿಗೆ 10ಕ್ಕೆ 7 ಮಾತ್ರ, ತುಂಬಾ ಕೆಂಪು ಗೀಟು. ಬಹುಮಾನ ಬಂದದ್ದನ್ನೇ ಕಳಿಸು ಅಂತಾರೆ ಅಪ್ಪ. ಪ್ರಾಜೆಕ್ಟನ್ನು ತಿದ್ದಿ, ಟೈಪ್ ಮಾಡಿ ಕಳಿಸಬಹುದಾ? ಮೂರರ ಫೋಟೋ ಜೊತೆಗಿಟ್ಟಿದ್ದೇನೆ.

ಉತ್ತರ: ನೋಡವ್ವ, ಮೂರನ್ನೂ ಓದಿದೆ. ಬಳ್ಳಾರಿಯಲ್ಲಿ ಪಿಯು ಪೇಪರ್ ತಿದ್ದಿ ತಿದ್ದಿಯೇ ಕನ್ನಡಕದ ನಂಬರ್ ಏರಿಸಿಕೊಂಡವಳು ನಾನು. ಕೆಂಪು ಗೀಟು ಕಂಡರೆ ನನಗೇನೂ ಭಯವಿಲ್ಲ.

ಕವಿತೆ ಬಿಡು. ಅವರು ಕಥೆ, ಕವಿತೆ ಬೇಡ ಅಂತ ಹೇಳಿಯೇ ಇದ್ದಾರೆ. ಓದಿದ ಒಂದು ವಿಷಯವನ್ನು ಹಿಡಿದು ವಾದ ಮಾಡಿದ ಬರಹ ಬೇಕು. ಇಂಗ್ಲಿಷ್, ಸಮಾಜ ವಿಜ್ಞಾನ ಅಥವಾ ಇತಿಹಾಸದ್ದಾದರೆ ಒಳ್ಳೆಯದು. ಒಂದೆರಡು ಪುಟ ಇದ್ದರೆ ಸಾಕು.

ಜಾತ್ರೆ ಪ್ರಬಂಧ ಕ್ಲಾಸಿಗೆ ಬರೆದದ್ದಲ್ಲ, ಹಾಗಾಗಿ ಅದೂ ಹೊರಗೆ. ನಿಜ ಹೇಳಲಾ? ನಿಯಮ ಒಪ್ಪಿದ್ದರೂ ನಾನು ಬೇಡ ಅಂತಿದ್ದೆ. ಜನಸಾಗರ, ಭಕ್ತಿಯ ಅಲೆ, ಮೈ ರೋಮಾಂಚನ. ಇದನ್ನು ಯಾವ ಊರಿನ ಜಾತ್ರೆಗೆ ಅಂಟಿಸಿದರೂ ನಡೆಯುತ್ತದೆ. ದಾಸೋಹದಲ್ಲಿ ರಾಶಿ ರಾಶಿ ಮಿರ್ಚಿ ಕರಿಯುತ್ತಾರಲ್ಲ, ಕೊಪ್ಪಳದವಳಾಗಿ ಅದರ ಬಗ್ಗೆ ಒಂದು ಸಾಲೂ ಬರೆದಿಲ್ಲ ನೀನು!

ಈಗ ಪ್ರಾಜೆಕ್ಟಿಗೆ ಬರೋಣ. ಎರಡನೇ ಪುಟದಲ್ಲಿ ನೀನು ಒಂದು ಪ್ರಶ್ನೆ ಎತ್ತಿದ್ದೀಯ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಅಶೋಕ ಅನ್ನೋ ಹೆಸರೇ ಇದೆ. ನಮ್ಮ ಗವಿಮಠದ ಬಂಡೆಯ ಮೇಲೆ ‘ದೇವಾನಾಂಪ್ರಿಯ’, ಅಂದರೆ ದೇವರಿಗೆ ಪ್ರಿಯನಾದವನು ಅನ್ನೋ ಬಿರುದು ಮಾತ್ರ ಇದೆ. ಹಾಗಾದರೆ ಇದೂ ಅಶೋಕನದೇ ಅಂತ ಹೇಗೆ ಹೇಳ್ತೀರಿ? ಆಮೇಲೆ ನೀನೇ ಎರಡೂ ಶಾಸನಗಳ ಅನುವಾದವನ್ನು ಅಕ್ಕಪಕ್ಕ ಇಟ್ಟು, ಆಜ್ಞೆ ಹೆಚ್ಚುಕಡಿಮೆ ಅದೇ ಅಂತ ತೋರಿಸಿದ್ದೀಯ. ಅಲ್ಲಿಗೂ ನಿಲ್ಲದೆ, ಬೇರೆ ರಾಜ ಯಾರಾದರೂ ಅದನ್ನೇ ನಕಲು ಮಾಡಿಸಿರಬಹುದಲ್ವಾ ಅಂತ ನಿನ್ನ ಮಾತಿಗೆ ನೀನೇ ಅಡ್ಡ ಹಾಕಿದ್ದೀಯ. ಇಂಗ್ಲಿಷ್ ಅಲ್ಲಲ್ಲಿ ಮುಗ್ಗರಿಸುತ್ತದೆ. ಇರಲಿ ಬಿಡು. ಒಬ್ಬ ಹುಡುಗಿ ಕೂತು ಯೋಚನೆ ಮಾಡಿದ್ದು ಇಲ್ಲಿ ಕಾಣಿಸುತ್ತದೆ.

ನಿಮ್ಮ ಲೆಕ್ಚರರ್ ಅಂಚಿನಲ್ಲಿ ಬರೆದದ್ದನ್ನೂ ನೋಡಿದೆ. ‘ಅನುಮಾನ ಸರಿಯಾಗಿದೆ. ಊರಲ್ಲೇ ಇರೋ ಪಾಲ್ಕಿಗುಂಡಿನ ಶಾಸನ ಯಾಕೆ ಬಿಟ್ಟೆ?’ ಮೂರು ಮಾರ್ಕ್ಸ್ ಹೋದದ್ದು ಅಲ್ಲೇ ಇರಬೇಕು. ನ್ಯಾಯವಾಗಿಯೇ ಹೋಗಿದೆ. ಆ ಸಾಲಿಗೆ ನೀನು ನಾಚಿಕೊಳ್ಳಬೇಕಿಲ್ಲ. ಮೇಷ್ಟ್ರ ಟಿಪ್ಪಣಿ ಇದ್ದರೆ ಒಳ್ಳೆಯದು ಅಂತಾರೆ ಆ ಕಾಲೇಜಿನವರು. ಅರ್ಜಿಗಾಗಿಯೇ ಬರೆಯುವ ಪ್ರಬಂಧವನ್ನು ಮನೆಯಲ್ಲಿ ಯಾರು ಬೇಕಾದರೂ ತಿದ್ದಿ ಕೊಡಬಹುದು, ದುಡ್ಡು ಕೊಟ್ಟರೆ ಬರೆದೇ ಕೊಡುವವರೂ ಇದ್ದಾರೆ. ಮಾರ್ಕ್ಸ್ ಬಿದ್ದ ಪೇಪರ್ ಮಾತ್ರ ನೀನು ಕ್ಲಾಸಿನಲ್ಲಿ ಹೇಗೆ ಬರೆಯುತ್ತೀಯೋ ಹಾಗೇ ಇರುತ್ತದೆ.

ಅದಕ್ಕೇ ತಿದ್ದಿ ಟೈಪ್ ಮಾಡೋ ಆಸೆ ಬಿಟ್ಟುಬಿಡು. ತಿದ್ದಿದರೆ ಅದು ಆ 7 ಮಾರ್ಕ್ಸಿನ ಪೇಪರ್ ಆಗಿ ಉಳಿಯೋದಿಲ್ಲ, ಹೊಸ ಬರಹಕ್ಕೆ ಹಳೇ ಮಾರ್ಕ್ಸ್ ಅಂಟಿಸಿದಂತೆ. ನನಗೂ ಕೈ ತುರಿಸುತ್ತಿದೆ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಅಶೋಕನ ಹೆಸರಿದೆ. ಅದನ್ನು ಸೇರಿಸಿದ್ದರೆ ನಿನ್ನ ವಾದ ಇನ್ನೂ ಗಟ್ಟಿಯಾಗುತ್ತಿತ್ತು. ಆದರೂ ಸೇರಿಸಬೇಡ. ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಹೋಗಿ ನೋಡಿ ಬಾ, ಅಷ್ಟೇ.

ಇನ್ನು ಕಳಿಸುವ ಕೆಲಸ. ಪ್ರಾಜೆಕ್ಟ್ ಮಾರ್ಕ್ಸ್ ಇಂಟರ್ನಲ್‌ಗೆ ಸೇರುವುದರಿಂದ ಮೂಲ ಪ್ರತಿ ಕಾಲೇಜಿನಲ್ಲೇ ಇರಬಹುದು. ಲೆಕ್ಚರರ್ ಹತ್ತಿರ ಕೇಳಿ ಒಂದು ಗಂಟೆ ಮಟ್ಟಿಗೆ ಈಸಿಕೋ. ಝೆರಾಕ್ಸ್ ಅಂಗಡಿಯಲ್ಲಿ ಕಲರ್ ಸ್ಕ್ಯಾನ್ ಅಂತ ಒತ್ತಿ ಹೇಳು. ಕಪ್ಪು ಬಿಳುಪಾದರೆ ಕೆಂಪು ಅಕ್ಷರ ಮಸುಕಾಗಿ, ಟಿಪ್ಪಣಿ ಓದೋಕೆ ಆಗಲ್ಲ. ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದರೆ ಬಿಚ್ಚಿಸು, ಇಲ್ಲದಿದ್ದರೆ ಅಂಚಿನ ಸಾಲು ಅರ್ಧ ಕತ್ತರಿಸಿಹೋಗುತ್ತದೆ. ಮಾರ್ಕ್ಸ್ ಇರೋ ಪುಟ ಮೊದಲು ಬರಲಿ. ರಟ್ಟಿನ ಮುಖಪುಟ, ಗ್ಲಿಟರ್ ಪೆನ್ನಿನ ಹೂಬಳ್ಳಿ ಯಾವುದೂ ಬೇಡ.

ಅಪ್ಪನಿಗೆ ಹೇಳು, ಬಹುಮಾನ ಎಲ್ಲಿಗೂ ಹೋಗಲ್ಲ. ಅರ್ಜಿಯಲ್ಲಿ ಬಹುಮಾನಗಳನ್ನು ಬರೆಯೋದಕ್ಕೆ ಬೇರೆ ಜಾಗ ಇದೆ, ಅಲ್ಲಿ ಒಂದು ಸಾಲು ಹಾಕು. ಖರ್ಚಿನ ಚಿಂತೆಯೂ ಇರಬೇಕು ಅವರಿಗೆ. ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲೂ ಪ್ರಿನ್ಸ್‌ಟನ್ ಮನೆಯ ಹಣಕಾಸು ನೋಡಿ ಸೀಟು ನಿರ್ಧರಿಸೋದಿಲ್ಲ. ಸಹಾಯಧನದ ಅರ್ಜಿ ಬೇರೆ ಇದೆ, ಅದನ್ನೂ ಜೊತೆಗೇ ತುಂಬು. ಸಾಮಾನ್ಯ ಅರ್ಜಿಗೆ ಕೊನೆ ದಿನ ಜನವರಿ 1. ಡಿಸೆಂಬರ್ ರಜೆಗೆ ಮೊದಲೇ ಲೆಕ್ಚರರ್‌ನ ಹಿಡಿ.